ಮೈಕ್ ಕೂಗಿದರೆ ಪೆಟ್ಟು ಯಾರಿಗೆ?

ಈ ವಾರ ಸಿನಿಮಾ ಸುದ್ದಿ ಸ್ವಲ್ಪ ಪಕ್ಕಕ್ಕಿರಲಿ ಗೆಳೆಯರೆ. ಯಾವ ಹೀರೋ ಯಾರಿಗೆ ಕಾಲ್‌ಷೀಟ್ ಕೊಟ್ಟ, ಯಾವ ನಾಯಕಿ ಯಾವ ಸೆಟ್ಟಿನಿಂದ ಮುನಿಸಿಕೊಂಡು ಎದ್ದು ಹೋದಳು ಎಂಬುದನ್ನೆಲ್ಲಾ ಬರೆಯುವವರು ಈ ಪತ್ರಿಕೆಯಲ್ಲೇ ಬೇರೆ ಇದ್ದಾರೆ. ಅವರ ಹೊಟ್ಟೆಯ ಮೇಲೆ ನಾನೇಕೆ ಹೊಡೆಯಲಿ? ನನ್ನದು ಶಬ್ದದ ವ್ಯವಹಾರ. ಪೆನ್ನು ಹಿಡಿಯುವ ಮುಂಚೆ ಹನ್ನೆರಡು ವರ್ಷ ಮೈಕ್ ಸೆಟ್ಟಿನ ವೈರು ಹಿಡಿದವನು ನಾನು. ಹಳೆಯ ಓದುಗರಿಗೆ ಇದು ಗೊತ್ತೇ ಇದೆ.

ಒಂದು ಕಾಗದ ಬಂದಿದೆ. ಬರೆದವನು ಹಾಸನದ ಕಡೆಯ ಒಂದು ಅಭಿಮಾನಿ ಸಂಘದ ಕಾರ್ಯದರ್ಶಿ. ಹೆಸರು ಹಾಕಬೇಡಿ ಎಂದು ಅವನೇ ಕೇಳಿಕೊಂಡಿದ್ದಾನೆ. ಒಳ್ಳೆಯದೇ ಆಯ್ತು, ಹಾಕಿದ್ದರೆ ಮಾನ ಹೋಗುತ್ತಿದ್ದುದು ಅವನದೇ! ಸಂಗತಿ ಇಷ್ಟು. ಸಂಘದ ವಾರ್ಷಿಕೋತ್ಸವ. ಕಲ್ಯಾಣ ಮಂಟಪ ಹಿಡಿದು, ಬೆಂಗಳೂರಿನಿಂದ ಒಬ್ಬ ಪೋಷಕ ನಟರನ್ನು ಕರೆಸಿ, ಊರಿನದೇ ಮೈಕ್ ಸೆಟ್ ಹಾಕಿಸಿದ್ದಾರೆ. ನಟರು ವೇದಿಕೆಯ ಮೇಲೆ ನಿಂತು ನಾಲ್ಕು ಡೈಲಾಗ್ ಹೊಡೆಯುವವರೆಗೆ ಎಲ್ಲಾ ಸುಸೂತ್ರ. ಆಮೇಲೆ ಅವರು ಕಾರ್ಡ್‌ಲೆಸ್ ಮೈಕನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದು, ಕೆಳಗಡೆ ಇಟ್ಟಿದ್ದ ಅಣ್ಣಾವ್ರ ಫೋಟೋ ಹತ್ತಿರ ಹಾರ ಹಾಕಲು ಬಂದರು. ಬಂದರೋ ಇಲ್ಲವೋ, ಕುಂಯ್ಯ್ಯ್ಯ್ ಅಂತ ಒಂದು ಕೂಗು! ಮಕ್ಕಳೆಲ್ಲ ಚಿಟ್ಟನೆ ಚೀರಿದವು, ಹೆಂಗಸರು ಕಿವಿ ಮುಚ್ಚಿಕೊಂಡರು. ನಟರಿಗೆ ರೇಗಿಹೋಗಿ, ಮೈಕನ್ನು ಯಾರದೋ ಕೈಗೆ ತುರುಕಿ ಸೀದಾ ಕಾರು ಹತ್ತಿದರು. ಕಮಿಟಿಯವರು ಮೈಕ್ ಸೆಟ್ ಹುಡುಗನ ಕಪಾಳಕ್ಕೆ ಎರಡು ಬಿಟ್ಟು, ಬಾಡಿಗೆ ಹಣವನ್ನೂ ಹಿಡಿದಿಟ್ಟುಕೊಂಡರು. "ಡಬ್ಬಾ ಸೆಟ್ ತಂದು ನಮ್ಮ ಸಂಘದ ಮರ್ಯಾದೆ ತೆಗೆದ ಸಾರ್. ಅದು ಕೂಗುವಾಗ ಮಿಕ್ಸರ್ ಮುಂದೆ ಆಸಾಮಿಯೇ ಇರಲಿಲ್ಲ! ನಾವು ಮಾಡಿದ್ದು ಸರಿ ತಾನೇ?" ಎಂದು ಕೇಳಿದ್ದಾನೆ.

ಸರಿಯಲ್ಲ ತಮ್ಮಾ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬಸ್ಸು ಬರುವುದು ಹೇಗಿದ್ದರೂ ತಡ, ಓದಿ.

ಮೈಕಿಗೆ ಕಿವಿ ಇದೆ, ಬುದ್ಧಿ ಇಲ್ಲ. ಗಾಯಕನ ದನಿ ಯಾವುದು, ಫ್ಯಾನಿನ ಗರಗರ ಯಾವುದು, ಮುಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುವ ಸದ್ದು ಯಾವುದು, ಅದಕ್ಕೆ ಎಲ್ಲಾ ಒಂದೇ. ಕಿವಿಗೆ ಬಿದ್ದದ್ದನ್ನೆಲ್ಲಾ ಆಂಪ್ಲಿಫೈಯರಿಗೆ ಕಳಿಸುತ್ತದೆ. ಆಂಪ್ಲಿಫೈಯರ್ ಅದನ್ನು ಸಾವಿರ ಪಟ್ಟು ಬೆಳೆಸಿ ಬಾಕ್ಸಿಗೋ ಹಾರ್ನಿಗೋ ಕಳಿಸುತ್ತದೆ. ಬಾಕ್ಸಿನಿಂದ ಹೊರಟ ಶಬ್ದ ನಿಮ್ಮ ಕಿವಿಗೆ ಮಾತ್ರ ಬರುತ್ತದೆಯೇ? ಸುತ್ತ ಹರಡಿಕೊಂಡು, ಗೋಡೆಗೆ ಹೊಡೆದು, ತಿರುಗಿ ಅದೇ ಮೈಕಿನ ಕಿವಿಗೂ ಬೀಳುತ್ತದೆ. ಮೈಕ್ ಅದನ್ನೂ ನಿಯತ್ತಾಗಿ ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಅದು ಮತ್ತೆ ಬೆಳೆದು ಬಾಕ್ಸಿಗೆ, ಬಾಕ್ಸಿನಿಂದ ಮತ್ತೆ ಮೈಕಿಗೆ. ಹೀಗೆ ಸುತ್ತು ಹೊಡೆಯುತ್ತಲೇ ಇರುತ್ತದೆ.

ಮೈಕ್ ಇರುವ ಕಡೆಯಲ್ಲೆಲ್ಲಾ ಈ ಸುತ್ತು ಇದ್ದೇ ಇರುತ್ತದೆ, ನೀವು ಭಾಷಣ ಕೇಳಿ ತೂಕಡಿಸುವಾಗಲೂ. ಹಾಗಾದರೆ ಯಾವಾಗಲೂ ಯಾಕೆ ಕೂಗುವುದಿಲ್ಲ? ಲೆಕ್ಕ ಇರುವುದೇ ಇಲ್ಲಿ. ಒಂದು ರೂಪಾಯಿಯಷ್ಟು ಶಬ್ದ ಹೋಗಿ, ಒಂದು ಸುತ್ತು ಮುಗಿಸಿ ಬರುವಾಗ ಎಂಟಾಣೆಯಾಗಿ ಬಂದರೆ, ಮುಂದಿನ ಸುತ್ತಿಗೆ ನಾಲ್ಕಾಣೆ, ಆಮೇಲೆ ಎರಡಾಣೆ, ಹಾಗೇ ಕರಗಿಹೋಗುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಒಂದು ರೂಪಾಯಿ ಹೋಗಿ ಒಂದು ರೂಪಾಯಿ ಹತ್ತು ಪೈಸೆಯಾಗಿ ಬಂತು ಅನ್ನಿ. ಬರೀ ಹತ್ತು ಪೈಸೆ ಅಂತ ಹಗುರ ಮಾಡಬೇಡಿ, ಇದು ಚಕ್ರಬಡ್ಡಿ! ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಬಾಕ್ಸಿಗೂ ಮೈಕಿಗೂ 10 ಅಡಿ ಅಂತರವಿದ್ದರೆ ಒಂದೇ ಸೆಕೆಂಡಿನಲ್ಲಿ ನೂರಕ್ಕೂ ಹೆಚ್ಚು ಸುತ್ತು. ಸುತ್ತಿಗೆ ಹತ್ತು ಪೈಸೆಯಂತೆ ನೂರು ಸುತ್ತಿಗೆ ಲೆಕ್ಕ ಹಾಕಿ ನೋಡಿ, ನಿಮ್ಮ ಒಂದು ರೂಪಾಯಿ 13,780 ರೂಪಾಯಿ ಆಗಿರುತ್ತದೆ. ಯಾವ ಮೀಟರ್ ಬಡ್ಡಿ ಸಾಹುಕಾರನೂ ಈ ದರದಲ್ಲಿ ಸುಲಿಯಲಾರ. ಕಡೆಗೆ ಆಂಪ್ಲಿಫೈಯರಿನ ಶಕ್ತಿಯೆಲ್ಲಾ ಮುಗಿದು, ಇನ್ನು ಕೊಡಲಾರೆ ಅನ್ನುವ ಮಟ್ಟಕ್ಕೆ ಹೋಗಿ ನಿಲ್ಲುತ್ತದೆ. ನೀವು ಕೇಳುವುದು ಆ ಪೂರ್ತಿ ಶಕ್ತಿಯ ಕೂಗನ್ನು. ತಕ್ಷಣ ಇಳಿಸದಿದ್ದರೆ ಹಾರ್ನಿನ ಯೂನಿಟ್ ಸುಟ್ಟುಹೋಗುವುದೂ ಉಂಟು.

ಡೆನ್ಮಾರ್ಕಿನ ಸೋರೆನ್ ಲಾರ್ಸನ್ ಎಂಬ ವಿಜ್ಞಾನಿ ಇದನ್ನು ಕುರಿತು ಯೋಚಿಸಿದವನು. 1957ರಲ್ಲಿ ತೀರಿಕೊಂಡ. ಫ್ರೆಂಚರು ಈ ಕೂಗಿಗೆ ಇವತ್ತಿಗೂ ಅವನ ಹೆಸರನ್ನೇ ಹೇಳುತ್ತಾರೆ, 'ಲಾರ್ಸನ್' ಬಂತು ಅಂತ. ಪಾಪ, ಯಾರಿಗೂ ಬೇಡದ ಶಬ್ದಕ್ಕೆ ಆತನ ಹೆಸರು! ಇಂಗ್ಲಿಷಿನಲ್ಲಿ ಫೀಡ್‌ಬ್ಯಾಕ್. ನಮ್ಮ ಮೈಕ್ ಸೆಟ್ಟಿನವರ ಬಾಯಲ್ಲಿ ಬರೀ 'ಕೂಗ್ತಾ ಇದೆ'.

ಇನ್ನೊಂದು ಪ್ರಶ್ನೆ. ಹೋದ ಶಬ್ದ ಹಾಡು, ಮಾತು, ಕೆಮ್ಮು ಎಲ್ಲಾ ಬೆರೆತದ್ದು. ತಿರುಗಿ ಬರುವ ಕೂಗು ಮಾತ್ರ ಯಾಕೆ ಒಂದೇ ಸ್ವರ? ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿ ಹಿಂದಕ್ಕೆ ಬಂದು ಇನ್ನೇನು ಮುಂದಕ್ಕೆ ಹೊರಡಬೇಕು, ಆಗ ಸರಿಯಾಗಿ ತಳ್ಳಿದರೆ ಮೇಲಕ್ಕೇರುತ್ತದೆ. ಹೊತ್ತುಗೊತ್ತಿಲ್ಲದೆ ತಳ್ಳಿದರೆ ಇದ್ದ ಓಟವೂ ನಿಲ್ಲುತ್ತದೆ. ನೂರಾರು ಸ್ವರಗಳಲ್ಲಿ ಯಾವುದು ಸುತ್ತು ಹೊಡೆದು ಬರುವಾಗ ಸರಿಯಾದ ಹೊತ್ತಿಗೆ ಬಂದು ತಳ್ಳುತ್ತದೋ, ಮತ್ತು ಆ ಮೈಕು, ಆ ಬಾಕ್ಸು, ಆ ಹಾಲು ಯಾವ ಸ್ವರವನ್ನು ಹೆಚ್ಚಾಗಿ ಎತ್ತಿ ಆಡಿಸುತ್ತವೋ, ಅದೊಂದೇ ಗೆದ್ದು ಮಿಕ್ಕವನ್ನೆಲ್ಲಾ ನುಂಗುತ್ತದೆ. ಹಾರ್ನ್ ಕಟ್ಟಿದ್ದರೆ ಸಾಧಾರಣವಾಗಿ ಕೀರಲು ಕೂಗು. ದೊಡ್ಡ ಬಾಕ್ಸ್ ಇಟ್ಟಿದ್ದರೆ ಒಮ್ಮೊಮ್ಮೆ ಹೂಂ... ಎಂದು ಹೊಟ್ಟೆಯೊಳಗೆ ನಡುಗಿಸುವ ಕೂಗು. ಹಳೆಯ ಆಪರೇಟರುಗಳು ಬರೀ ಕೂಗು ಕೇಳಿಯೇ ಯಾವ ತಿರುಗುಗುಬ್ಬಿ ಇಳಿಸಬೇಕು ಅಂತ ಹೇಳಿಬಿಡುತ್ತಿದ್ದರು.

(ಈ ಕೂಗನ್ನೇ ಸಂಗೀತ ಮಾಡಿಕೊಂಡ ಜಾಣರೂ ಇದ್ದಾರೆ. 1964ರಲ್ಲಿ ಬೀಟಲ್ಸ್ ತಮ್ಮ ಒಂದು ರೆಕಾರ್ಡಿನ ಆರಂಭದಲ್ಲೇ ಗಿಟಾರಿನ ಕೂಗನ್ನು ಬೇಕೆಂದೇ ಇಟ್ಟರು. ಜಿಮಿ ಹೆಂಡ್ರಿಕ್ಸನಂತೂ ಅದನ್ನು ಸಾಕಿದ ನಾಯಿಯ ಹಾಗೆ ಆಡಿಸುತ್ತಿದ್ದ. ಅವರ ವಿಷಯ ಬೇರೆ ಬಿಡಿ.)

ಈಗ ನಮ್ಮ ಸಿನಿಮಾಕ್ಕೆ ಬನ್ನಿ. ಟಾಕೀಸಿನಲ್ಲಿ ಎಷ್ಟೇ ಜೋರಾಗಿ ಸೌಂಡ್ ಇಟ್ಟರೂ ಸ್ಪೀಕರು ಕುಂಯ್ ಅನ್ನುವುದಿಲ್ಲ. ಅಲ್ಲಿ ಶಿಳ್ಳೆ ಏನಿದ್ದರೂ ನಿಮ್ಮದೇ! ಯಾಕೆಂದರೆ ಅಲ್ಲಿ ಮೈಕೇ ಇಲ್ಲ. ಆಗ ರೀಲಿನ ಅಂಚಿನಲ್ಲಿ ಬರೆದಿಟ್ಟ ಶಬ್ದ, ಈಗ ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟ ಶಬ್ದ. ಮೈಕಿನ ಕೆಲಸ ಯಾವತ್ತೋ ಮುಗಿದಿರುತ್ತದೆ, ಸುತ್ತು ಹೊಡೆಯಲು ದಾರಿಯೇ ಇರುವುದಿಲ್ಲ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿಯೂ ಅಷ್ಟೇ. ಗಾಯಕರು ಗಾಜಿನ ಕೋಣೆಯೊಳಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹಾಡುತ್ತಾರೆ. ಮೈಕಿನ ಎದುರು ಸ್ಪೀಕರ್ ಇಲ್ಲ. ಮೊದಲು ಮದರಾಸಿನಲ್ಲಿ, ಆಮೇಲೆ ಬೆಂಗಳೂರಿನಲ್ಲೂ, ನಿಮ್ಮ ಪ್ರೀತಿಯ ಹಾಡುಗಳೆಲ್ಲಾ ಹುಟ್ಟಿದ್ದು ಹೀಗೆ. ಅದನ್ನೇ ಕೇಳಿ ಕೇಳಿ ಪಳಗಿದ ಕಿವಿ ಊರ ಮೈದಾನದ ರಸಮಂಜರಿಯಲ್ಲೂ ಅದೇ ದನಿ ಕೇಳುತ್ತದೆ. ಅಲ್ಲಿ ಮೈಕೂ ಸ್ಪೀಕರೂ ಒಂದೇ ಚಪ್ಪರದ ಕೆಳಗೆ ಸಂಸಾರ ಮಾಡುತ್ತಿರುತ್ತವೆ ಎಂಬುದು ಯಾರಿಗೆ ನೆನಪಿರುತ್ತದೆ?

ನನಗೇ ನೆನಪಿರಲಿಲ್ಲ. ಆ ಕಥೆ ಈಗ ಹೇಳಬೇಕು. ಇಷ್ಟು ವರ್ಷ ಈ ಅಂಕಣದಲ್ಲಿ ಬರೆದಿಲ್ಲ.

1984ರ ನವೆಂಬರ್. ತಿಪಟೂರಿನ ಕಡೆ ಒಂದು ಊರಲ್ಲಿ ರಾಜ್ಯೋತ್ಸವದ ರಸಮಂಜರಿ. ನನಗೆ ಹತ್ತೊಂಬತ್ತು. ಮೈಕ್ ಸೆಟ್ಟಿನ ಸಾಹುಕಾರರು ಇನ್ನೊಂದು ಊರಿನ ಕೆಲಸ ಮುಗಿಸಿ ಬರುವುದು ತಡ ಆಗುತ್ತೆ, ನೀನೇ ಸೆಟ್ ಕಟ್ಟಿರು ಎಂದು ನನ್ನನ್ನು ಕಳಿಸಿದ್ದರು. ಮೊದಲ ಸಲ ನನ್ನ ಕೈಗೆ ಪೂರ್ತಿ ಸೆಟ್! ಎದೆ ಉಬ್ಬಿಹೋಗಿತ್ತು. ವೇದಿಕೆಯ ಎರಡೂ ಪಕ್ಕ, ಮೈಕಿಗಿಂತ ಎಂಟು ಹತ್ತು ಅಡಿ ಮುಂದಕ್ಕೆ ಕಾಲಂ ಬಾಕ್ಸ್ ನಿಲ್ಲಿಸಿ, ಮುಖ ಜನರ ಕಡೆಗೆ ತಿರುಗಿಸಿದೆ. ಸಾಹುಕಾರರು ಕಲಿಸಿಕೊಟ್ಟ ಹಾಗೆಯೇ.

ಐದು ಗಂಟೆಗೆ ಅಭಿಮಾನಿ ಸಂಘದವರು ಲಾರಿಯಲ್ಲಿ ಕಟೌಟ್ ತಂದರು. ಎರಡು ಕಟೌಟು, ಒಂದೊಂದೂ ಇಪ್ಪತ್ತು ಅಡಿ. ನಿಲ್ಲಿಸುವುದಕ್ಕೆ ಜಾಗ ಬೇಕಲ್ಲ? "ಏಯ್ ಹುಡುಗಾ, ಆ ಡಬ್ಬ ತೆಗಿ ಅಲ್ಲಿಂದ, ಬಾಸ್ ಕಾಲಿಗೆ ಅಡ್ಡ ಬರುತ್ತೆ" ಅಂದರು. ಹಾಗೆ ಮಾಡಬಾರದು ಅಂತ ನನಗೆ ಗೊತ್ತಿತ್ತು. ಹೇಳಬೇಕಿತ್ತು. ಆದರೆ ಕಟೌಟಿನಲ್ಲಿದ್ದದ್ದು ನನ್ನ ಬಾಸೂ ಹೌದಲ್ಲ! ನಾನೇ ಓಡಿಹೋಗಿ ಬಾಕ್ಸುಗಳನ್ನು ಎತ್ತಿ ವೇದಿಕೆಯ ಹಿಂಭಾಗಕ್ಕೆ ಇಟ್ಟು, ಅವರ ಜೊತೆ ಕಟೌಟಿಗೆ ಹಗ್ಗ ಕಟ್ಟಿದೆ. ಈಗ ಬಾಕ್ಸು ಹಾಡುಗಾರರ ಬೆನ್ನ ಹಿಂದೆ, ಅವುಗಳ ಬಾಯಿ ನೇರ ಮೈಕಿನ ಕಡೆಗೆ.

ತಮಾಷೆ ಏನೆಂದರೆ ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಆರ್ಕೆಸ್ಟ್ರಾದವರು ಬೆಂಗಳೂರಿನಲ್ಲಿ ನೂರಾರು ಶೋ ಮಾಡಿ ಪಳಗಿದವರು. ಮೈಕನ್ನು ತುಟಿಗೆ ಹೆಚ್ಚುಕಡಿಮೆ ಅಂಟಿಸಿಕೊಂಡು ಎದೆ ತುಂಬಿ ಹಾಡಿದರು. ಅಷ್ಟು ಹತ್ತಿರದಿಂದ ದನಿ ಸಿಕ್ಕರೆ ಆಂಪ್ಲಿಫೈಯರಿನ ಗುಬ್ಬಿ ಅರ್ಧಕ್ಕಿದ್ದರೂ ಸಾಕು. ಸುತ್ತಿನ ಲೆಕ್ಕ ಎಂಟಾಣೆಯಲ್ಲೇ ಇತ್ತು.

ಆಮೇಲೆ ಊರಿನ ಹುಡುಗನೊಬ್ಬನಿಗೆ ಅವಕಾಶ ಕೊಟ್ಟರು. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು. ಅಣ್ಣಾವ್ರ ಹಾಡು ಅಂದರೆ ಪ್ರಾಣ. ಮಧ್ಯಾಹ್ನ ನಾನು ವೈರು ಎಳೆಯುವಾಗ ಪಕ್ಕದಲ್ಲೇ ಕೂತು ಗುನುಗಿದ್ದ. ಕೇಳಿದವನು ನಾನು, ಹೇಳುತ್ತೇನೆ, ಆ ಗಂಟಲಿನಲ್ಲಿ ಬಂಗಾರ ಇತ್ತು. ದನಿ ಮೆತ್ತಗೆ, ಶ್ರುತಿ ಒಂದೆಳೆ ಆಚೀಚೆ ಆಗುತ್ತಿರಲಿಲ್ಲ. ಯಾರದೋ ಬಿಳಿ ಪ್ಯಾಂಟು ಸಾಲ ತಂದು ಹಾಕಿಕೊಂಡಿದ್ದ. ಅವನ ತಾಯಿ ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಕೂತಿದ್ದರು.

ಬಂದು ನಿಂತ. ಮೈಕನ್ನು ಹೇಗೆ ಹಿಡಿದ ಗೊತ್ತೆ? ಪರದೆಯ ಮೇಲೆ ಹೀರೋ ಹಿಡಿಯುವ ಹಾಗೆ! ಎದೆಯ ಹತ್ತಿರ, ಸ್ಟೈಲಾಗಿ, ಬಾಯಿಂದ ಒಂದು ಅಡಿ ದೂರ. ಪರದೆಯ ಮೇಲಿನ ಹೀರೋಗೇನು, ಅವನು ತುಟಿ ಆಡಿಸಿದರೆ ಆಯ್ತು, ದನಿ ಎಂದೋ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದೆ, ಕೈಯಲ್ಲಿರುವ ಮೈಕು ಬರೀ ಗೊಂಬೆ. ಮುಖ ಕ್ಯಾಮೆರಾಕ್ಕೆ ಕಾಣಲಿ ಅಂತ ಕೆಳಗೆ ಹಿಡಿಯುತ್ತಾನೆ. ಈ ಪಾಪದ ಹುಡುಗನಿಗೆ ಅದು ಹೇಗೆ ತಿಳಿಯಬೇಕು? ಮೈಕಿನ ದೂರ ಎರಡು ಪಟ್ಟು ಆದರೆ ಅದಕ್ಕೆ ಸಿಗುವ ದನಿ ಅರ್ಧ, ನಾಲ್ಕು ಪಟ್ಟು ಆದರೆ ಕಾಲು ಭಾಗ. ಇವನದು ಮೊದಲೇ ಮೆತ್ತನೆಯ ದನಿ. ಜನಕ್ಕೆ ಕೇಳಿಸಲಿಲ್ಲ. "ಸೌಂಡ್, ಸೌಂಡ್!" ಎಂದು ಹಿಂದಿನಿಂದ ಕೂಗಿದರು. ನಾನು ಗುಬ್ಬಿ ತಿರುಗಿಸಿದೆ. ಇನ್ನೂ ತಿರುಗಿಸಿದೆ. ಅವನ ದನಿ ಏರಿತು ನಿಜ, ಅದರ ಜೊತೆಗೆ ಬೆನ್ನ ಹಿಂದಿನ ಬಾಕ್ಸಿನ ದನಿಯೂ ಮೈಕಿಗೆ ಅಷ್ಟೇ ಏರಿತು. ರೂಪಾಯಿ ದಾಟಿತು ಲೆಕ್ಕ.

ಕುಂಯ್ಯ್...

ಹುಡುಗ ಹೆದರಿದ. ಹೆದರಿದವನು ಏನು ಮಾಡುತ್ತಾನೆ, ಅಳುವ ಮಗುವಿನ ಬಾಯಿ ಮುಚ್ಚುವ ಹಾಗೆ ಅಂಗೈಯಿಂದ ಮೈಕಿನ ಮೂತಿಯನ್ನು ಮುಚ್ಚಿದ. ಅದು ಇನ್ನೂ ಜೋರಾಗಿ ಕೂಗಿತು! ಇದು ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ. ಹಾಡುವ ಮೈಕುಗಳ ಜಾಲರಿಯ ಹಿಂಭಾಗದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಹಿಂದಿನಿಂದ ಬರುವ ಶಬ್ದ ಆ ಕಿಂಡಿಯೊಳಗೂ ಹೊಕ್ಕು ತನ್ನನ್ನು ತಾನೇ ಅಳಿಸಿಕೊಳ್ಳಲಿ ಎಂದು ಮಾಡಿರುವ ಉಪಾಯ ಅದು. ಅದರಿಂದಲೇ ಆ ಮೈಕ್ ಮುಂದಿನದನ್ನು ಚೆನ್ನಾಗಿ ಕೇಳಿ, ಹಿಂದಿನದಕ್ಕೆ ಕಿವುಡಾಗುತ್ತದೆ. ಕೈಯಿಂದ ಮುಚ್ಚಿದರೆ ಕಿಂಡಿ ಬಂದ್, ಮೈಕ್ ಎಲ್ಲಾ ದಿಕ್ಕಿಗೂ ಕಿವಿ ತೆರೆದು ಕೂರುತ್ತದೆ. ಅದಲ್ಲದೆ ಅಂಗೈಯೇ ಒಂದು ಸಣ್ಣ ಗುಹೆಯಾಗಿ ಯಾವುದೋ ಒಂದು ಸ್ವರವನ್ನು ಎತ್ತಿಕೊಡುತ್ತದೆ. ಈಗಿನ ಮಿಮಿಕ್ರಿ ಹುಡುಗರೂ ರ‍್ಯಾಪ್ ಹುಡುಗರೂ ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿಯುವುದು ನೋಡಿದಾಗೆಲ್ಲಾ ನನಗೆ ಇದೇ ನೆನಪಾಗುತ್ತದೆ.

ಜನ ನಕ್ಕರು. ಆಮೇಲೆ ಶಿಳ್ಳೆ. ಆಮೇಲೆ "ಇಳಿಯೋ ಕೆಳಕ್ಕೆ!" ಒಬ್ಬ ಬಾಳೆಹಣ್ಣಿನ ಸಿಪ್ಪೆ ಎಸೆದ. ಪಲ್ಲವಿ ಮುಗಿಯುವ ಮೊದಲೇ ಹುಡುಗ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹಿಂದಿನ ಮೆಟ್ಟಿಲಿಂದ ಇಳಿದು ಹೋದ. ಅವನ ತಾಯಿ ಎದ್ದು ನಿಂತಿದ್ದು ನನಗೆ ಕಾಣಿಸಿತು. ನಾನು ಗುಬ್ಬಿ ಇಳಿಸಿ ತಲೆ ಬಗ್ಗಿಸಿಕೊಂಡು ಕೂತೆ.

ಹತ್ತು ನಿಮಿಷಕ್ಕೆ ಸಾಹುಕಾರರು ಬಂದರು. ನೋಡಿದ ತಕ್ಷಣ, "ಲೋ, ಬಾಕ್ಸ್ ಯಾವನೋ ಹಿಂದೆ ಇಟ್ಟಿದ್ದು?" ಅಂದರು. ಕಮಿಟಿಯವರು ಹೇಳಿದರು ಅಂದೆ. ಅವರು ಬೈಯಲಿಲ್ಲ, ಹೊಡೆಯಲೂ ಇಲ್ಲ. ಕಟೌಟಿನ ಪಕ್ಕದಿಂದ ಬಾಕ್ಸುಗಳನ್ನು ಜನರ ಕಡೆಗೆ ಮುಂದಕ್ಕೆ ತಂದು ಟೇಬಲ್ ಮೇಲೆ ಏರಿಸಿದರು. ಯಾರೂ ಉಪಯೋಗಿಸದೆ ಸುಮ್ಮನೆ ತೆರೆದಿದ್ದ ಎರಡು ಮೈಕ್ ಬಂದ್ ಮಾಡಿದರು. ಒಂದೊಂದು ಮೈಕು ಒಂದೊಂದು ಕಿವಿ, ಸುಮ್ಮನೆ ಯಾಕೆ ತೆರೆದಿಡಬೇಕು? ಟ್ರೆಬಲ್ ಸ್ವಲ್ಪ ಇಳಿಸಿದರು. ರಾತ್ರಿ ಎರಡು ಗಂಟೆಯವರೆಗೆ ಒಂದೇ ಒಂದು ಸಲವೂ ಕೂಗಲಿಲ್ಲ. ಜನ ಏನಂದುಕೊಂಡರು? ಆ ಹುಡುಗ ಇಳಿದ, ಮೈಕ್ ಸರಿಹೋಯ್ತು ಅಂದುಕೊಂಡರು!

1991ರಲ್ಲಿ ಒಂದು ದಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ನನ್ನ ಮುಖ ನೋಡಿ, "ಅಣ್ಣಾ, ನೀವು ಮೈಕ್ ಸೆಟ್ಟಿನವರಲ್ವಾ?" ಅಂದ. ಅವನೇ! ಖಾಕಿ ಹಾಕಿದ್ದ, ಮೀಸೆ ಬಂದಿತ್ತು. ಎಷ್ಟು ಸಂತೋಷದಿಂದ ಮಾತಾಡಿಸಿದ ಗೊತ್ತೆ. ಈಗಲೂ ಹಾಡುತ್ತೀಯಾ ಅಂದೆ. "ಇಲ್ಲ ಅಣ್ಣಾ, ನನ್ನ ಗಂಟಲು ಮೈಕಿಗೆ ಆಗಿಬರಲ್ಲ. ಕೆಲವರ ವಾಯ್ಸಿಗೆ ಮೈಕು ಕೂಗುತ್ತಂತಲ್ಲ" ಅಂದ. ನಗುತ್ತಲೇ ಅಂದ.

ಹಾಗೆ ಯಾರ ವಾಯ್ಸಿಗೂ ಮೈಕ್ ಕೂಗುವುದಿಲ್ಲ ಮಹರಾಯಾ, ಬಾಕ್ಸ್ ಹಿಂದೆ ಇಟ್ಟವನು ನಾನು ಎಂದು ಅಲ್ಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಹೂಂ ಅಂದು ಚಿಲ್ಲರೆ ಎಣಿಸಿಕೊಂಡೆ. ನನ್ನ ಸ್ಟಾಪು ಬಂತು, ಇಳಿದೆ. ಆಮೇಲೆ ಅವನು ಸಿಕ್ಕಿಲ್ಲ. ಈಗ ರಿಟೈರ್ ಆಗಿರಬಹುದು. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಪತ್ರಿಕೆ ಇದು, ಅವನ ಕಣ್ಣಿಗೋ ಅವನ ಮಗನ ಕಣ್ಣಿಗೋ ಬಿದ್ದೀತು ಎಂದು ಬರೆದಿದ್ದೇನೆ. ಅಣ್ಣಾ, ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ.

ಇನ್ನು ಹಾಸನದ ತಮ್ಮನ ಕಾಗದಕ್ಕೆ. ನಿಮ್ಮ ಬಾಕ್ಸುಗಳು ವೇದಿಕೆಯ ಮುಂದೆ ಎರಡು ಪಕ್ಕ ಇದ್ದವು ಎಂದು ಬರೆದಿದ್ದೀಯ. ಸರಿಯಾದ ಜಾಗ. ನಟರು ವೇದಿಕೆಯ ಮೇಲೆ ಬಾಕ್ಸಿನ ಹಿಂದೆ ಇರುವವರೆಗೆ ಕೂಗಲಿಲ್ಲ. ಮೈಕ್ ಹಿಡಿದುಕೊಂಡೇ ಮೆಟ್ಟಿಲಿಳಿದು ಬಾಕ್ಸಿನ ಬಾಯಿಗೆ ಬಂದರು, ಹಾರ ಹಾಕುವಾಗ ಕೈ ಕೆಳಗಿಳಿದು ಮೈಕಿನ ಮುಖ ನೇರ ಬಾಕ್ಸಿನ ಕಡೆ ತಿರುಗಿತು. ಇನ್ನು ಕೂಗದೆ ಏನು ಮಾಡೀತು? ಅದರ ಮೇಲೆ ಕಲ್ಯಾಣ ಮಂಟಪದ ಬೋಳು ಗೋಡೆ, ಗ್ರಾನೈಟ್ ನೆಲ, ಶಬ್ದವನ್ನು ಹೀರುವಂಥದ್ದು ಒಂದೂ ಇಲ್ಲ. ಕುರ್ಚಿಯೂ ಅರ್ಧ ಖಾಲಿ ಅಂತ ನೀನೇ ಹೇಳಿದ್ದೀಯ. ಜನ ತುಂಬಿದ್ದರೆ ಅವರ ಮೈ, ಬಟ್ಟೆ ಒಂದಷ್ಟು ಹೀರಿಕೊಳ್ಳುತ್ತಿತ್ತು.

ಹೊಸ ಮಿಷನ್ ಇದ್ದಿದ್ದರೆ ತಪ್ಪುತ್ತಿತ್ತಾ ಅಂತ ಕೇಳಿದ್ದೀಯ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಕೂಗುವ ಸ್ವರವನ್ನು ತಾನೇ ಹುಡುಕಿ ಅದೊಂದನ್ನೇ ಕತ್ತರಿಸುವ ಏರ್ಪಾಡು ಇದೆ. ಅಮೆರಿಕದ ಬೆಲ್ ಲ್ಯಾಬಿನ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದಲ್ಲೇ ಇನ್ನೊಂದು ಉಪಾಯ ಮಾಡಿದ್ದರು. ಬಾಕ್ಸಿಗೆ ಹೋಗುವ ದನಿಯನ್ನು ಸುಮಾರು 5 ಹರ್ಟ್ಸ್ ಮಾತ್ರ ಸರಿಸಿಬಿಡುವುದು. ಆಗ ಪ್ರತಿ ಸುತ್ತಿಗೂ ಸ್ವರ ಜಾರುತ್ತಾ ಹೋಗಿ ಜೋಕಾಲಿ ತಳ್ಳುವ ಹೊತ್ತು ತಪ್ಪುತ್ತದೆ. ಭಾಷಣಕ್ಕೆ ಸರಿ, ಹಾಡಿಗೆ ಶ್ರುತಿ ಕೆಡುತ್ತದೆ. ಇವೆಲ್ಲಾ ಸ್ವಲ್ಪ ಅವಕಾಶ ಕೊಡುತ್ತವೆ, ಅಷ್ಟೇ. ಬಾಕ್ಸಿನ ಬಾಯಿಗೆ ಮೈಕ್ ತುರುಕಿದರೆ ಯಾವ ಮಿಷನ್ನೂ ಕಾಪಾಡದು. ಮಿಕ್ಸರ್ ಮುಂದೆ ಒಬ್ಬ ಮನುಷ್ಯ ಕೂತಿರಬೇಕು. ಅತಿಥಿ ಮೆಟ್ಟಿಲ ಕಡೆ ಹೆಜ್ಜೆ ಇಟ್ಟಿದ್ದು ಕಂಡ ಕೂಡಲೇ ಆ ಮೈಕನ್ನು ಇಳಿಸಬೇಕು. ಅರ್ಧ ಸೆಕೆಂಡಿನ ಕೆಲಸ.

ಆ ಹೊತ್ತಿಗೆ ಹುಡುಗ ಅಲ್ಲಿರಲಿಲ್ಲ ಎಂಬುದೇ ನಿನ್ನ ದೊಡ್ಡ ದೂರು. ಎಲ್ಲಿ ಹೋಗಿದ್ದ? ನಿನ್ನ ಕಾಗದದ ಎರಡನೇ ಪುಟ ನೀನೇ ತೆಗೆದು ಓದು. ಹಾರ ಕಾರಿನಲ್ಲೇ ಮರೆತುಹೋಗಿತ್ತು, ತಂದುಕೊಡಲು ಯಾರೂ ಇರಲಿಲ್ಲ, 'ಮೈಕಿನ ಹುಡುಗ ಸುಮ್ಮನೆ ಕೂತಿದ್ದ' ಅಂತ ಅವನನ್ನೇ ಓಡಿಸಿದಿರಿ. ಓಡಿಹೋಗಿ ಹಾರ ತಂದು ನಟರ ಕೈಗೆ ಕೊಟ್ಟವನೂ ಅವನೇ. ಆ ಹಾರ ಹಾಕಲು ಅವರು ಇಳಿದಾಗ ಅವನು ಇನ್ನೂ ಜನರ ನಡುವೆ ದಾರಿ ಬಿಡಿಸಿಕೊಂಡು ಮಿಕ್ಸರ್ ಕಡೆ ಬರುತ್ತಿದ್ದ.

ಬಾಡಿಗೆ ಪೂರ್ತಿ ಕೊಡು. ಕಮಿಟಿಯವರು ಒಪ್ಪದಿದ್ದರೆ ಚಂದಾ ಎತ್ತಿ ಕೊಡು. ಅಧ್ಯಕ್ಷರನ್ನೂ ಜೊತೆಗೆ ಕರೆದುಕೊಂಡು ಹೋಗು, ಕೈ ಮಾಡಿದವರು ಅವರೇ ತಾನೇ. ಕೊಟ್ಟ ಮೇಲೆ ನನಗೊಂದು ಕಾಗದ ಬರೆ. ಬರುವ ವಾರ, ಹಳೆಯ ಟಾಕೀಸುಗಳಲ್ಲಿ ಬಾಲ್ಕನಿಗಿಂತ ಗಾಂಧಿ ಕ್ಲಾಸಿನಲ್ಲಿ ಮಾತು ಬೇರೆ ಥರ ಕೇಳಿಸುತ್ತಿದ್ದುದು ಯಾಕೆ ಎಂದು ಕೇಳಿರುವ ದಾವಣಗೆರೆಯ ಮಿತ್ರರಿಗೆ ಉತ್ತರ.